ಹನ್ನೆರಡನೆಯ ಗೂಡು

ಎಣಿಸುವುದು ನನ್ನ ಕೆಲಸ.
ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಟ್ಯಾಬುಗಳನ್ನು.
ನಡುವೆ ಎಷ್ಟು ಬೆರಳು, ಎಷ್ಟು ಮಂಡಾಜಿಯ ಎಣ್ಣೆ
ಗಾಜಿನ ಮೇಲೆ ಕೂತು ಹೋಯಿತು,
ಅದರ ಲೆಕ್ಕ ಯಾರೂ ಕೇಳುವುದಿಲ್ಲ.

ಕಿಸುಮುವಿನಲ್ಲಿ, ಬಸ್ಸು ತಿರುಗುವ ಮೂಲೆಯಲ್ಲಿ,
ಪುರಸಭೆಯ ಓದುವ ಮನೆ. ನಾನು ಅವಿನೊ.
ಮೊದಲು ಬ್ಯಾಂಕಿನ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದೆ.
"ಕಾಯುವುದು ಗೊತ್ತಲ್ಲ ನಿನಗೆ" ಎಂದು
ಇಲ್ಲಿ ತಂದು ಕೂರಿಸಿದರು.

ಮೊದಲ ವಾರವೇ ಒಂದು ಹೋಯಿತು.
ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ
ನೈರೋಬಿಯಿಂದ ಬಂದವು ಉಕ್ಕಿನ ಹಗ್ಗಗಳು,
ಮೊಳದುದ್ದ, ಬೀಗ ಸಮೇತ.
ಸಾಹೇಬರು ಒಂದೊಂದನ್ನೂ ಜಗ್ಗಿ ನೋಡಿ
ನನ್ನ ಸಹಿ ಹಾಕಿಸಿಕೊಂಡು ಹೋದರು.

ಕಳ್ಳ ಆಮೇಲೆ ಬರಲಿಲ್ಲ.
ನ್ಯಾಗುಡಿಯೂ ಬರಲಿಲ್ಲ,
ಇಡೀ ದಿನ ನಿಂತು ಮೀನು ಮಾರುವವಳು,
ಮಡಿಲಲ್ಲಿಟ್ಟುಕೊಂಡು ಮಗಳ ಮುಖ ನೋಡಬೇಕು ಅವಳಿಗೆ,
ನಿಂತಲ್ಲ.
ಬಂದವಳು ಅಜ್ವಾಂಗ್ ಒಬ್ಬಳೇ. ಕಣ್ಣು ಮಂದ,
ಪರದೆಯನ್ನು ಮೂಗಿಗೆ ಒರಗಿಸಿ ಓದುವ ಹುಡುಗಿ.
ಎಳೆದಳು. ಹಗ್ಗ ಬಿಗಿಯಿತು. ಒಂದು ಗೇಣು ಉಳಿಯಿತು,
ಆ ಗೇಣಿನಲ್ಲಿ ಅಕ್ಷರವೆಲ್ಲ ಇರುವೆ.
ಕೊನೆಗೆ ಮೇಜು ಹತ್ತಿ ಬೋರಲು ಮಲಗಿ ಓದಿದಳು,
ಗೂಟಕ್ಕೆ ಕಟ್ಟಿದ ಮೇಕೆ ಹುಲ್ಲಿಗೆ ಕತ್ತು ಚಾಚಿದ ಹಾಗೆ.
ಅಲ್ಲ,
ಮೇಕೆ ಬಿಟ್ಟೇ ಇತ್ತು,
ನಾವು ಕಟ್ಟಿದ್ದು ಹುಲ್ಲನ್ನು.

ದೋಣಿಗೆ ಬಣ್ಣ ಬಳಿಯುವ ಒಗ್ವೆನೊ
ಹಲ್ಲುಕಡ್ಡಿ ಕಚ್ಚಿಕೊಂಡು ಇದನ್ನೆಲ್ಲ ನೋಡುತ್ತಿದ್ದ.
"ದುಂಗಾದ ದಂಡೆಯಲ್ಲಿ ದೋಣಿಗೆ ಬೀಗ ಹಾಕಿದ್ದು ಕಂಡಿದ್ದೀಯಾ?
ಹೆಸರಿದೆ ಅದಕ್ಕೆ. ಕಣ್ಣು ಬರೆದಿದ್ದೇನೆ, ಹುಬ್ಬು ತಿದ್ದಿದ್ದೇನೆ.
ಕದ್ದವನು ಯಾವ ದಂಡೆಗೆ ಹಚ್ಚಿದರೂ
ಮಕ್ಕಳು ಹೆಸರು ಹಿಡಿದು ಕೂಗುತ್ತವೆ."

ಶನಿವಾರ ಬಂದ, ತಳ ಕಂಡ ಡಬ್ಬಿಗಳ ಜೊತೆ.
ಮಕ್ಕಳು ಹೇಳಿದರು, ಅವನು ಬೆನ್ನ ಮೇಲೆ ಬರೆದ,
ಕೆಂಪು, ಹಳದಿ, ಎಂದೂ ಅಳಿಯದ ನೀಲಿ:
ಉಪ್ಪು ಕಡಿಮೆ.
ಅತ್ತೆಗೆ ಹೇಳಬೇಡ.
ಸಾಲ ನಾಳೆ.
ಹೀಗೆ ಹನ್ನೊಂದು.
ಕಿಬುಯೆ ಸಂತೆಯಲ್ಲಿ ಹಳೆಯ ಫೋನು ಕೊಳ್ಳುವ ಮೂವರನ್ನೂ ಕರೆಸಿ
ಹೊಸ ಸೊಸೆಯರನ್ನು ತೋರಿಸಿದ ಹಾಗೆ ತೋರಿಸಿದೆ.
ಒಬ್ಬ ಅವ್ವನ ಮೇಲೆ ಆಣೆ ಇಟ್ಟ. ಕೇಳಿರಲಿಲ್ಲ ನಾನು.

ಹಗ್ಗಗಳಲ್ಲಿ ಒಂದು ಈಗ ನನ್ನ ಸೈಕಲ್ಲಿಗೆ.
ಉಳಿದವು ಡ್ರಾಯರಿನಲ್ಲಿ,
ಸಾಹೇಬರು ಬರುವ ದಿನ ಹೊರಬರುತ್ತವೆ.

ಮಳೆಗಾಲದಲ್ಲಿ ಒಬ್ಬ ಉದ್ದನೆಯ ಹುಡುಗ
ಕೋಟಿನೊಳಗೆ ಒಂದನ್ನು ಬಚ್ಚಿಟ್ಟು ಬೋಡಾ ಏರಿದನಂತೆ.
ಕೋಟಿನ ಅಂಚಲ್ಲಿ ಹಳದಿ ಇಣುಕಿತು. ಸವಾರ ತಿರುಗಿ,
"ತಮ್ಮಾ, ಉಪ್ಪು ಕಡಿಮೆಯನ್ನು ಎಲ್ಲಿಗೆ ಕರೆದೊಯ್ಯುತ್ತೀ?"
ಹುಡುಗ ಇಳಿದು ನಡೆದೇ ಬಂದು ಮೇಜಿನ ಮೇಲಿಟ್ಟ.
"ಕೆರೆ ತೋರಿಸೋಣ ಅಂತ" ಅಂದ.
ಕಳ್ಳನಿಗೊಂದು ಪಿಳ್ಳೆ ನೆವ. ಆದರೂ ನೆವ ಚೆನ್ನಾಗಿತ್ತು.
ಕುರ್ಚಿ ಎಳೆದು ಕೊಟ್ಟೆ. ಕೂರಲಿಲ್ಲ.
ಮತ್ತೆ ಬಂದಿಲ್ಲ. ಬರಬಹುದು.

ಇನ್ನು ಆ ಮೊದಲನೆಯದು, ಹೆಸರಿಡುವ ಮೊದಲೇ ಹೋದದ್ದು.
ಕಚೇರಿಯ ನಕ್ಷೆಯಲ್ಲಿ ಅದರ ಚುಕ್ಕಿ ನೋಡುತ್ತಿದ್ದೆ.
ದುಂಗಾ ದಾಟಿತು, ದಂಡೆ ದಾಟಿತು,
ಆಮೇಲೆ ನೀರಲ್ಲಿ, ಬರಿಯ ನೀಲಿಯಲ್ಲಿ,
ಒಮೆನಾ ಮೀನಿಗೆ ದೀಪ ತೇಲಿಬಿಡುವ ಕಡೆ.
ಯಾರ ಮಗನೋ,
ಅಪ್ಪ ಬಲೆ ಎಳೆಯುವಾಗ ದೋಣಿಯ ತಳದಲ್ಲಿ ಕೂತು
ಬೆಳಕಿಗೆ ಬಂದ ಮೀನಿನ ಹಾಗೆ ಬಾಯಿ ತೆರೆದು...
ಮೂರು ರಾತ್ರಿ. ಚುಕ್ಕಿ ಆರಿತು.
ಅಥವಾ ಆಚೆ ದಡಕ್ಕೊಯ್ದು ಮಾರಿರಬಹುದು,
ನನಗೇನು ಗೊತ್ತು.
"ಪತ್ತೆಯಿಲ್ಲ" ಎಂದು ಬರೆದೆ.

ಆರು ಗಂಟೆ. ಎಣಿಸುತ್ತೇನೆ. ಹನ್ನೊಂದು.
ಹನ್ನೆರಡನೆಯ ಗೂಡಿನ ಮೇಲೆ ಒಗ್ವೆನೊ
ಯಾರೂ ಹೇಳದೆ ಬರೆದು ಹೋಗಿದ್ದಾನೆ:
ಬಂದರೆ ಊಟವಿದೆ.
ಅಲ್ಲಿ ಚಾರ್ಜರಿನ ಹಸಿರು ಕಣ್ಣು ಉರಿಯುತ್ತಲೇ ಇದೆ.
ಆರಿಸಬೇಕು, ನಿಯಮ ಹಾಗಿದೆ.
ಆರಿಸುವುದಿಲ್ಲ.
ಕರೆಂಟಿನ ಬಿಲ್ಲು ಹೇಗೂ ಪುರಸಭೆಯದ್ದು.