ಬಳ್ಳಾರಿಯಲ್ಲಿ ಉಲ್ಲನ್

"ಈ ಊರಾಗೆ ಯಾರಿಗಮ್ಮ ಸ್ವೆಟರು?"
ನಕ್ಕಿದ್ದ ಬೆಂಗಳೂರು ರೋಡಿನ ಅಂಗಡಿಯವ,
ಏಪ್ರಿಲ್ ತಿಂಗಳ ಹನ್ನೆರಡು ಗಂಟೆ ಬಿಸಿಲಲ್ಲಿ.
ಧೂಳು ಕೊಡವಿ ಕೊಟ್ಟ ಉಂಡೆಗಳು
ಮಾವಿನಕಾಯಿ ಹಸಿರು, ಅರ್ಧ ರೇಟು.
ಯಾರಿಗೆ ಅಂತ ನನಗೂ ಗೊತ್ತಿರಲಿಲ್ಲ.
ಗೊತ್ತಿಲ್ಲದ್ದಕ್ಕೇ ಕೊಂಡೆ.

ಹಗಲೆಲ್ಲ ನಾನು ಜೀನ್ಸ್ ಪ್ಯಾಂಟಿನ ಹಿಂದಿನ ಜೇಬು.
ಬರೀ ಜೇಬು.
ಸೊಂಟಪಟ್ಟಿ ಖಾಜಾಬೀದು, ಜಿಪ್ಪು ಗಾದಿಲಿಂಗನದು.
ಜೇಬಿಗಿಷ್ಟು ಎಂದು ದುಡ್ಡು. ಎಣಿಸುವವನು ಎರ್ರಿಸ್ವಾಮಿ,
ಗಡಿಯಾರದ ಕೆಳಗೇ ಕುರ್ಚಿ ಹಾಕಿಕೊಂಡಿದ್ದಾನೆ.
ಬೆವರು ಒರೆಸಿದರೆ ಸೆರಗು ನೀಲಿ,
ಸೀನಿದರೂ ನೀಲಿ.
ಯಾರ್ಯಾರೋ ಎಲ್ಲೆಲ್ಲೋ ನನ್ನ ಹೊಲಿಗೆಯ ಮೇಲೆ
ಕೂತಿದ್ದಾರೆ, ಬಸ್ಸಿನಲ್ಲಿ, ಬೈಕಿನಲ್ಲಿ, ಪಾರ್ಕಿನ ಕಲ್ಲುಬೆಂಚಿನಲ್ಲಿ.
ಕೂರಲಿ, ಪಾಪ.

ಮನೆಯಲ್ಲಿ, ಬಾಗಿಲ ಹಿಂದಿನ ಮೊಳೆಗೆ
ಅಕ್ಕಿಯ ಕೈಚೀಲ; ಅದರೊಳಗೆ ನನ್ನ ಸಂಸಾರ.
ಕಡ್ಡಿ ಎರಡೂ ಸೈಕಲ್ಲಿನವು.
ಪಂಚರಿನ ರಸೂಲ್ ಸಾಬ ಕಲ್ಲಿಗೆ ತಿಕ್ಕಿ ನಯಮಾಡಿ
ಹಿಂದಿನ ತುದಿಗೆ ವಾಲ್ವಿನ ರಬ್ಬರು ತೊಡಿಸಿ
"ತಗೋ, ಇದು ಪಂಚರ್ ಆಗಲ್ಲ" ಅಂದಿದ್ದ.

ಎರಡು ಸೀದಾ, ಎರಡು ಉಲ್ಟಾ.
ಅನ್ನ ಉಕ್ಕು ಬರುವತನಕ ಅರ್ಧ ಸಾಲು.
ಒಂಬತ್ತು ದಿನಕ್ಕೊಮ್ಮೆ, ರಾತ್ರಿ ಎರಡಕ್ಕೆ ನಲ್ಲಿ ಕೆಮ್ಮುತ್ತದೆ;
ನನ್ನ ಸುತ್ತ ಓಣಿಯೆಲ್ಲ ಜಗಳ, ಕೊಡಗಳ ಸದ್ದು.
ಡ್ರಮ್ಮು ತುಂಬುವಷ್ಟರಲ್ಲಿ ನಾಲ್ಕು ಸಾಲು.
ಪಾಳಿ ಬಂತೆಂದರೆ ಖಾಲಿ ಕಡ್ಡಿಯನ್ನು ತುರುಬಿಗೆ ಸಿಕ್ಕಿಸಿ
ಏಳುತ್ತೇನೆ.
ಕರೆಂಟು ಹೋದರೆ ಇನ್ನೂ ಒಳ್ಳೆಯದು,
ಬೆರಳಿಗೆ ದೀಪ ಬೇಕಿಲ್ಲ.

ನಮ್ಮಜ್ಜಿ ನಡೆಯುತ್ತಲೇ ತಕಲಿ ತಿರುವುತ್ತಿದ್ದಳು,
ಕುರಿಯ ಹಿಂದೆ ಅವಳು, ಅವಳ ಬೆರಳ ಹಿಂದೆ ಕರಿಯ ಎಳೆ.
ಅದು ಹೊಟ್ಟೆಪಾಡು. ಒಂದು ದಿನ ನಿಂತರೆ
ಒಲೆಯೂ ನಿಲ್ಲುತ್ತಿತ್ತು.
ನನ್ನದು ಅದಲ್ಲ. ಹೊಟ್ಟೆಗೆ ಜೇಬುಗಳಿವೆ.
ಇದು ಉಂಡ ಮೇಲಿನ ಮಾತು.

ಬಿಡಿಸಿ ಹಾಸಿದರೆ ಕಾಣುತ್ತದೆ:
ಇಲ್ಲೊಂದು ಅರಿಶಿನದ ಕಲೆ, ಇಲ್ಲಿ ತುಸು ಬಿಗಿ,
ಪಲ್ಲವಿಗೆ ಜ್ವರ ಇಳಿಯದಿದ್ದ ವಾರ.
ಶ್ರಾವಣದಿಂದ ದೀಪಾವಳಿಯವರೆಗೆ ಓಟಿಯ ಮೇಲೆ ಓಟಿ,
ಚೀಲ ಮೊಳೆಯಿಂದ ಇಳಿಯಲೇ ಇಲ್ಲ.
ಹುಡುಕಿ ನೋಡಿ ಆ ಮೂರು ತಿಂಗಳು ಎಲ್ಲಿವೆ ಅಂತ.
ಒಂದು ಕುಣಿಕೆಗೂ ಅದರ ಪಕ್ಕದ್ದಕ್ಕೂ ನಡುವೆ
ಒಂದು ಕೂದಲಿನಷ್ಟು ಜಾಗದಲ್ಲಿ.

ಮೊನ್ನೆ ಊಟದ ಬಿಡುವಿನಲ್ಲಿ ಎರ್ರಿಸ್ವಾಮಿ ಬಗ್ಗಿ ನೋಡಿದ.
"ಚೆನ್ನಾಗೈತೆ. ಊಟಿ ಕಡೆ ಓಡ್ತದೆ ಮಾಲು.
ದಿನಕ್ಕೆ ಎಷ್ಟು ತೆಗೀತೀಯ?"
ನಾನೂ ಲೆಕ್ಕ ಹಾಕಿದೆ, ಮರ್ಯಾದೆಗೆ.
"ವರ್ಷಕ್ಕೆ ಮುಕ್ಕಾಲು."
ಅವನು ಫೋನಿನಲ್ಲಿ ಏನೋ ಒತ್ತಿದ, ಅಳಿಸಿದ,
ಮತ್ತೆ ಒತ್ತಿದ.
ಕೊನೆಗೆ ಫೋನನ್ನು ಹಿಂದಿನ ಜೇಬಿಗೆ ತುರುಕಿಕೊಂಡು ಹೋದ.
ನೋಡಿದೆ. ಹೊಲಿಗೆ ನನ್ನದೇ.

ಅದೇ ರಾತ್ರಿ ಕಂಡಿತು, ಇಪ್ಪತ್ತು ಸಾಲು ಕೆಳಗೆ
ಜಾರಿಹೋದ ಒಂದು ಕುಣಿಕೆ.
ಅಲ್ಲಾಗಿದ್ದರೆ ರಿಜೆಕ್ಟು, ಕೂಲಿಯಲ್ಲಿ ಕಟ್ಟು.
ಎಳೆ ಹಿಡಿದು ಎಳೆದೆ.
ಗುಂಗುರು ಗುಂಗುರಾಗಿ ಬಿಚ್ಚಿಕೊಂಡು ಬಂತು
ಸಂಕ್ರಾಂತಿಯಿಂದೀಚಿನದೆಲ್ಲ.
"ಅಯ್ಯೋ ಅವ್ವಾ!" ಅಂತ ಪಲ್ಲವಿ ಬಾಯಿ ಮುಚ್ಚಿಕೊಂಡಳು.
ಉಂಡೆ ದಪ್ಪಗಾಗುತ್ತ ಹೋದ ಹಾಗೆ
ನನಗೇಕೋ ಖುಷಿ,
ಇನ್ನೂ ಇಷ್ಟು ಉಳಿದಿದೆಯಲ್ಲ ಮಾಡುವುದಕ್ಕೆ!

ಮುಗಿದಿರುವುದು ಒಂದೇ ತೋಳು.
ಅದನ್ನು ತೊಟ್ಟು ಫ್ಯಾನಿನ ಕೆಳಗೆ ನಿಂತು
ಹಲ್ಲು ಕಟಕಟಿಸುತ್ತಾಳೆ ಹುಡುಗಿ, "ಚಳಿ, ಚಳಿ" ಎಂದು.
ಹೊರಗೆ ನಲವತ್ತೆರಡು ಡಿಗ್ರಿ, ಗೋಡೆ ಮುಟ್ಟುವ ಹಾಗಿಲ್ಲ.
ಹೋದ ವರ್ಷ ಮುಂಗೈಗೆ ಬರುತ್ತಿದ್ದ ತೋಳು
ಈಗ ಮೊಣಕೈ ದಾಟಿ ಸ್ವಲ್ಪ.
"ನನಗೆ ಸಾಲಲ್ಲ ಬಿಡು. ಮತ್ತೆ ಯಾರಿಗವ್ವ ಇದು?"

ತಡಿ,
ಈ ಸಾಲು ಮುಗಿಯಲಿ.