ಮೂರಕ್ಷರ

ಅಕ್ಷರಕ್ಕೆ ಹನ್ನೆರಡು ರೂಪಾಯಿ ಅಂದಿದ್ದೆ,
ತಗಡು ನಿಮ್ಮದು, ಬಣ್ಣ ನನ್ನದು.
ಸೊಣ್ಣಮ್ಮ ಹೊಂಗೆ ನೆರಳಲ್ಲಿ ಕೂತು
ಬೆರಳ ಗೆಣ್ಣಿನ ಮೇಲೆ ಎಣಿಸಿದಳು.
ಒತ್ತಿಗೆ ಬೇರೆ ದುಡ್ಡಾ? ಇಲ್ಲ, ಪುಕ್ಕಟೆ.
ಕೊಂಬಿಗೆ, ದೀರ್ಘಕ್ಕೆ? ಅವೂ ಪುಕ್ಕಟೆ.
ಆಮೇಲೆ ಮಂಡಿಯ ಹಳೇ ರಸೀದಿ ತೆಗೆದು
ಹಿಂಬದಿಯಲ್ಲಿ ಏನೋ ಬರೆದು, ಒಂದಿಷ್ಟು ಗೀಚಿ
ನನ್ನ ಕೈಗಿಟ್ಟಳು.

ಖಾಸಗಿ ಜಮೀನು
ಮೀನು ಹಿಡಿಯಬಾರದು

ಹದಿನಾಲ್ಕು ಅಕ್ಷರ, ನೂರ ಅರವತ್ತೆಂಟು.
ಗೀಚಿದ್ದರ ಕೆಳಗೆ ಏನಿತ್ತೋ ನೋಡಲಿಲ್ಲ.
ಅಳಿಸಿದ್ದನ್ನು ಓದುವುದು ನನ್ನ ಕಸುಬಲ್ಲ.

ಶ್ರೀನಿವಾಸಪುರದಿಂದ ಚಿಂತಾಮಣಿ ರಸ್ತೆಗುಂಟ
ಅರ್ಧ ಬೋರ್ಡು ನನ್ನ ಕೈಯವೇ.
ನಾಯಿ ಇದೆ ಎಚ್ಚರಿಕೆ: ನಾಯಿ ಸತ್ತು ಎಷ್ಟೋ ವರ್ಷ.
ಕ್ಯಾಮೆರಾ ಕಣ್ಗಾವಲಿದೆ: ಆ ತೋಟಕ್ಕೆ ಇನ್ನೂ ಕರೆಂಟಿಲ್ಲ.
ಈ ಜಾಗ ಮಾರಾಟಕ್ಕಿಲ್ಲ: ಅದನ್ನು ಬರೆಸಿದವನೇ
ಸಂಜೆ ಫೋನ್ ಮಾಡಿ, ಯಾರಾದರೂ ಕೇಳಿದರಾ ಅಂದ.
ಯಾವ ಬೋರ್ಡು ಎಷ್ಟು ನಿಜ ಅಂತ ನನಗೆ ಗೊತ್ತು.

ಆದರೂ ಈ ಒಂದರ ಮುಂದೆ ನಿಂತುಬಿಟ್ಟೆ.
ಭಾನುವಾರ ಬಿದಿರ ಗಣೆ, ಎರೆಹುಳದ ಡಬ್ಬಿ ಹಿಡಿದು
ಬೇಲಿಯ ಈಚೆ, ಕೋಡಿ ನೀರು ಹರಿಯುವ ಮೋರಿಯ ಮೇಲೆ
ನಾಲ್ಕು ವರ್ಷ ಕೂತೆ. ಸಿಕ್ಕಿದ್ದು ಬೆರಳುದ್ದದ ಜಿಲೇಬಿ.
ಅತ್ತ ಮಾವಿನ ಮರಗಳ ನಡುವೆ ಕುಂಟೆಯಲ್ಲಿ
ಕಾಟ್ಲಾ ಒಂದು ಹೊರಳಿದರೆ
ಒಗೆದ ಕಂಬಳಿ ಕಲ್ಲಿಗೆ ಬಡಿದ ಸದ್ದು.

ಊರ ಹುಡುಗರು ಒಳಗೇ ಇರುತ್ತಿದ್ದರು.
ನಾವೆಲ್ಲಿ ಹಿಡಿಯುತ್ತೀವಿ, ಮೀನೇ ಗಾಳ ಹಿಡಿಯುತ್ತೆ ಅಂದನೊಬ್ಬ.
ಓದಲು ಬರುವವರಿಗೆ ಮಾತ್ರ ಕಣಣ್ಣ ಬೋರ್ಡು,
ಅಂದ ಕೋಳಿ ಅಂಗಡಿಯ ಬಾಬಾಜಾನ್.
ನನಗೆ ಓದಲು ಬರುತ್ತದೆ. ಅದೇ ತೊಂದರೆ.
ನನ್ನದೇ ಕೈ, ನಾನೇ ಎಳೆದ ದೀರ್ಘ,
ಅದನ್ನು ದಾಟಿ ಹೇಗೆ ಹೋಗಲಿ?
ಮಳೆಗೆ ತಗಡು ತುಕ್ಕು ತಿಂದು
ಹಿಡಿಯಬಾರದು ಎಂಬುದರಲ್ಲಿ ಎರಡಕ್ಷರ ಉದುರಿ
ಹಿಡಿಯ, ಆಮೇಲೆ ತೂತು, ಆಮೇಲೆ ದು.
ಬಹುದು ಅಂತ ಓದಿಕೊಂಡರು ಎಲ್ಲರೂ.
ಓದುವವರಿಗೆ ಅದು ಖಾಲಿ ಜಾಗ.
ಬರೆದವನಿಗೆ ಖಾಲಿ ಇಲ್ಲ.

ಈ ವರ್ಷ ಕರೆಸಿದಳು, ಹೊಸದಾಗಿ ಬರಿ ಅಂತ.
ಡಬ್ಬಿ ಬಿಚ್ಚುವಾಗ ಕೇಳಿದಳು,
ಮೋರಿ ಮೇಲೆ ಕೂತಿರ್ತೀಯಲ್ಲ ದಸ್ತಗೀರ್, ಯಾಕೆ?
ಬೋರ್ಡು ಇದೆಯಲ್ಲಮ್ಮ.
ನೀನೇ ಬರೆದದ್ದಲ್ವಾ?
ಬರೆದವನೂ ಓದಬೇಕಲ್ಲ.

ಎಲೆಅಡಿಕೆ ಗಂಟಲಿಗೆ ಹತ್ತಿ ಕೆಮ್ಮುವಷ್ಟು ನಕ್ಕಳು.
ಅಡಿಗಿತೇ ಕದಾ ಚೆಪ್ಪೇದಿ,
ಕೇಳಿದ್ದರೆ ತಾನೇ ಹೇಳೋದು!
ಅವತ್ತು ಚೀಟಿಯಲ್ಲಿ ಮೊದಲು ಬರೆದಿದ್ದು
ಕೇಳದೆ ಮೀನು ಹಿಡಿಯಬಾರದು ಅಂತ.
ಇನ್ನೂರ ನಾಲ್ಕಾಗುತ್ತಿತ್ತು.
ನನ್ನ ಸೆರಗಿನ ಗಂಟಲ್ಲಿ ಇದ್ದದ್ದು ಇನ್ನೂರೇ.
ಮೂರಕ್ಷರ ಹೊಡೆದು ಹಾಕಿದೆ.

ಮೂವತ್ತಾರು ರೂಪಾಯಿ.
ನಾಲ್ಕು ವರ್ಷದ ಭಾನುವಾರಗಳು.

ಆಮೇಲೆ ಒಂದೇ ಉಸಿರಲ್ಲಿ ಹೇಳುತ್ತಾ ಹೋದಳು:
ಗೇಟಿಗೆ ಹಗ್ಗ ಮರೆಯದೆ ಕಟ್ಟು, ಕರು ಆಚೆ ಹೋಗುತ್ತೆ.
ಕಸಿ ಗಿಡದ ಪಾತಿ ತುಳಿಬೇಡ.
ಹೊಟ್ಟೆ ತುಂಬಿದ ಮೀನು ಸಿಕ್ಕರೆ ವಾಪಸ್ ಬಿಡು.
ಶನಿವಾರ ಬೇಡ. ಬಲೆ ಬೇಡವೇ ಬೇಡ.
ದೊಡ್ಡದು ಬಿದ್ದರೆ ತಲೆಭಾಗ ನಮಗೆ.
ಇಷ್ಟೂ ಬರೆಯಲು ಎಷ್ಟು ತಗಡು ಬೇಕು ಅಂತ
ಮನಸ್ಸಿನಲ್ಲೇ ಅಳೆದು ಬಿಟ್ಟೆ.

ಅಕ್ಷರಕ್ಕೆ ಈಗ ಇಪ್ಪತ್ತು. ಮುನ್ನೂರು ಮೀರಬಾರದು ಅಂದಳು.
ಕೇಳದೆ ಎಂಬುದು ನನ್ನ ಕಡೆಯಿಂದ ಪುಕ್ಕಟೆ ಅಂದೆ.
ಬೇಡಪ್ಪ, ಕೈ ಅಡ್ಡ ಹಿಡಿದಳು.
ಅದನ್ನು ಬರೆದರೆ ಊರೆಲ್ಲ ಕೇಳೋಕೆ ಬರುತ್ತೆ.

ಹಾಗಾಗಿ ಅದೇ ಹದಿನಾಲ್ಕು.
ಆದರೆ ಎರಡನೇ ಸಾಲನ್ನು
ಎಡಗಡೆ ಮೂರಕ್ಷರದಷ್ಟು ಜಾಗ ಬಿಟ್ಟು ಶುರು ಮಾಡಿದೆ.
ಕೊನೆಯ ದು ತಗಡಿನ ಅಂಚಿಗೆ ಒತ್ತಿಕೊಂಡು
ಬೀಳುವ ಹಾಗೆ ಕೂತಿದೆ.
ದಾರಿಯಲ್ಲಿ ಹೋಗುವವರು ನೋಡಿ,
ದಸ್ತಗೀರನ ಕಣ್ಣು ಮಂದವಾಯಿತು ಅನ್ನುತ್ತಾರೆ.