ಒಂದೂವರೆ ಕಡ್ಡಿ ದೂರ

ಕಾಗದ ಬಂದ ಮಂಗಳವಾರ
ನಾವು ಜಗುಲಿಯ ಮೇಲೆ ಊದುಬತ್ತಿ ಹೊಸೆಯುತ್ತಿದ್ದೆವು,
ಮೊಣಕೈವರೆಗೂ ಇದ್ದಿಲು, ಜಿಗಟು.
ಹೆಡ್‌ಮಾಸ್ಟರ್ ಶಿವನಂಜಯ್ಯ ಬೀದಿಯಲ್ಲೇ ನಿಂತು ಓದಿದರು,
ಕನ್ನಡಕ ತೆಗೆದು, ಒರೆಸಿ, ಮತ್ತೊಮ್ಮೆ ಓದಿದರು:
ಕಲಿಕಾ ಮಟ್ಟ ಶೇಕಡ ಇಪ್ಪತ್ತೊಂಬತ್ತು.
ಆದ್ದರಿಂದ ಜೂನ್‌ನಿಂದ ಬೇವಿನಮರದ ಶಾಲೆ
ದೊಡ್ಡ ರಸ್ತೆಯಾಚೆಯ ಶಾಲೆಯಲ್ಲಿ ವಿಲೀನ.

ವಿಲೀನ ಅಂದ್ರೇನು, ನೂರ್‌ಜಬೀನ್ ಕೇಳಿದಳು.
ಸಕ್ಕರೆ ನೀರಲ್ಲಿ ಆಗ್ತದಲ್ಲಮ್ಮ, ಅದು.
ಹಂಗಾದ್ರೆ ಸಿಹಿ ಎಲ್ಲಿ ಮೇಷ್ಟ್ರೇ, ಅಂದಳು.

ಆ ಪರೀಕ್ಷೆ ನನಗೆ ನೆನಪಿದೆ.
ಕಾರಲ್ಲಿ ಬಂದವರು ಹಂಚಿದ ಹಾಳೆ, ಹಾಳೆ ತುಂಬ ಸೊನ್ನೆ.
ಸರಿಯುತ್ತರದ ಸೊನ್ನೆಗೆ ಕಪ್ಪು ತುಂಬಬೇಕಂತೆ.
ನನ್ನ ಮಗ ಲಿಖಿತ ಎಲ್ಲಕ್ಕೂ ತುಂಬಿ ಬಂದು ಹಿಗ್ಗಿದ:
ಒಂದೂ ಬಿಡಲಿಲ್ಲ ಕಣವ್ವ, ಗೆರೆ ಆಚೆ ಹೋಗಲಿಲ್ಲ.
ಲಿಫ್ಟು ಎಷ್ಟನೇ ಮಹಡಿಗೆ ಹೋಯಿತು, ಅಂತೊಂದು ಲೆಕ್ಕ.
ಅವನು ಲಿಫ್ಟು ಕಂಡದ್ದು ದೊಡ್ಡಾಸ್ಪತ್ರೆಯಲ್ಲಿ,
ಅಜ್ಜಿಯನ್ನು ಮೇಲಕ್ಕೆ ಒಯ್ದದ್ದು.
ಕೆಳಗೆ ತಂದದ್ದನ್ನು ನಾವು ತೋರಿಸಿರಲಿಲ್ಲ.
ಸಾವಿರ ಕಡ್ಡಿಗೆ ಇಷ್ಟಾದರೆ ಏಳುನೂರೈವತ್ತಕ್ಕೆಷ್ಟು
ಅಂತ ಕೇಳಿದ್ದರೆ ಏಜೆಂಟನ ಮೋಸವನ್ನೂ ಕಳೆದು ಹೇಳುತ್ತಿದ್ದ.
ಕೇಳಲಿಲ್ಲ.

ಸುಳ್ಳಾಡಬಾರದು. ನಮ್ಮ ಶಾಲೆ ಚಿನ್ನವಲ್ಲ.
ಐದನೇ ಕ್ಲಾಸಿನ ಆಲಿಯಾ ಒತ್ತಕ್ಷರ ಕಂಡರೆ ಎಡವುತ್ತಾಳೆ.
ಮೂರು ಕ್ಲಾಸಿಗೆ ಒಬ್ಬರೇ ಟೀಚರು,
ಅವರೂ ಗಣತಿ ಬಂದರೆ ಗಣತಿಗೆ, ಓಟು ಬಂದರೆ ಓಟಿಗೆ.
ಸಣ್ಣತಾಯಮ್ಮ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು, ಅವಳಂದಳು:
ತಕ್ಕಡೀಲಿ ಕಮ್ಮಿ ಬಂದ್ರೆ ಇನ್ನೊಂದ್ ಹಿಡಿ ಹಾಕ್ತೀವಿ,
ಅಂಗಡಿ ಮುಚ್ತೀವಾ?

ಆಫೀಸಿನಲ್ಲಿ ಸಾಹೇಬರು ಫೋನು ತಿರುಗಿಸಿ ತೋರಿಸಿದರು:
ಒಂದೇ ಕಿಲೋಮೀಟರಮ್ಮ. ನಿಯಮದೊಳಗೇ ಇದೆ.
ಅಲ್ಲಿ ಚರಂಡಿ ಇರಲಿಲ್ಲ, ಲಾರಿ ಇರಲಿಲ್ಲ,
ಒಂದು ನೀಲಿ ಗೆರೆ ಮಾತ್ರ ನೆಟ್ಟಗೆ ಮಲಗಿತ್ತು.

ಸೋಮವಾರ ನಾವೇ ಅಳೆದೆವು.
ನಮ್ಮಲ್ಲಿ ಗಡಿಯಾರಕ್ಕಿಂತ ಕಡ್ಡಿ ಖಾತ್ರಿ,
ಒಂದು ಅರ್ಧ ಗಂಟೆ ಉರಿಯುತ್ತದೆ, ನಾವು ಹೊಸೆದದ್ದು, ಗೊತ್ತು.
ಒಂದನೇ ಕ್ಲಾಸಿನ ಹಂಸಿಕಾ ಮುಂದೆ, ಬೆನ್ನಿಗೆ ಚೀಲ,
ಅವಳ ಹೆಜ್ಜೆಗೇ ಹೆಜ್ಜೆ ಹಾಕಿ ಹದಿನೇಳು ಹೆಂಗಸರು,
ಗಾಳಿಗೆ ಅಂಗೈ ಮರೆ.
ಯಾವ ದೇವ್ರಿಗೆ ಹೋಗ್ತಿದೀವಿ, ಮಗು ಕೇಳಿತು.
ಯಾರೂ ಉತ್ತರಿಸಲಿಲ್ಲ.
ರಸ್ತೆ ದಾಟಲು ಕಾಯುವಾಗ ಮೊದಲ ಕಡ್ಡಿ ಮುಗಿಯಿತು.
ಆಚೆ ಗೇಟು ಮುಟ್ಟಿದಾಗ ಎರಡನೆಯದು ಅರ್ಧ.

ಆ ಅರ್ಧವನ್ನು ಆರಿಸಿ, ಮರುದಿನ
ಸಾಹೇಬರ ಮೇಜಿನ ಮೇಲಿಟ್ಟೆವು, ಅರ್ಜಿಯ ಜೊತೆಗೆ.
ಹೆಬ್ಬೆಟ್ಟಿಗೆ ಇಂಕು ತರಲೇ ಅಂದ ಜವಾನ.
ಬೇಕಾಗಿರಲಿಲ್ಲ.
ರೇಷನ್ ಅಂಗಡಿಯ ಮಿಷನ್ನು ಗುರುತಿಸದ ಸವೆದ ಬೆರಳುಗಳು
ನೂರಾ ನಲವತ್ತೆರಡು ಕರಿ ಸೊನ್ನೆ ತುಂಬಿದ್ದವು.
ಒಂದೂ ಬಿಟ್ಟಿರಲಿಲ್ಲ.

ತಿಂಗಳಾದ ಮೇಲೆ ಇನ್ನೊಂದು ಕಾಗದ:
ಮುಂದಿನ ಪರೀಕ್ಷೆಯ ತನಕ ಯಥಾಸ್ಥಿತಿ.
ಗೆದ್ದೆವು ಅಂತ ಯಾರೋ ಪಟಾಕಿ ತಂದರು.
ಮೇಷ್ಟ್ರು ತಡೆದರು, ಮಾರ್ಚಿಗೆ ಇಟ್ಟುಕೊಳ್ಳಿ ಅಂತ.

ಈಗ ಸಂಜೆ ಜಗುಲಿಯಲ್ಲಿ ದೀಪ ಹಾಕುತ್ತೇವೆ,
ನಾವು ಹೊಸೆಯುತ್ತೇವೆ, ಮಕ್ಕಳು ಓದುತ್ತಾರೆ.
ನಿನ್ನೆ ಆಲಿಯಾ ಆ ಅರ್ಜಿಯ ನಕಲನ್ನೇ ಎತ್ತಿಕೊಂಡಳು.
ಮಾನ್ಯ, ಅಂದಳು. ಸರಿಯಾಗಿಯೇ ಅಂದಳು.
ಆಮೇಲೆ ಕ್ಷೇ... ಅಂತ ನಿಂತಳು.
ಕ್ಷೇತ್... ಕ್ಷೇತ್ರ...
ಅದರಾಚೆ ಇನ್ನೊಂದು ಕ್ಷ.

ಮಣೆಗಳ ಮೇಲೆ ಕೈಗಳೆಲ್ಲ ತಡೆದು ನಿಂತವು.
ಸಾವಿರಕ್ಕೆ ಇಷ್ಟು ಅಂತ ಕೂಲಿ, ನಿಂತರೆ ನಷ್ಟ.
ನಿಂತೇ ಇದ್ದವು.